ಚಿತ್ರದಲ್ಲಿ ಆಟಗಾರರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳ (ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಆಡುವ ಆಟಗಳ) ಪುಸ್ತಕಗಳಲ್ಲಿ ಬರುವ ಚಿತ್ರಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ನಡೆಯುತ್ತಿರುವ ಚರ್ಚೆಯನ್ನು ಓದುತ್ತಿದ್ದೇನೆ. ಹಳೆಯ ಕಪ್ಪು-ಬಿಳುಪು ಗೆರೆಚಿತ್ರಗಳೇ ಚೆಂದ ಎಂದು ಒಬ್ಬರು ಬರೆದರು. ಅವೆಲ್ಲ ಮಕ್ಕಳು ನೋಟ್‌ಬುಕ್ಕಿನ ಹಿಂದೆ ಗೀಚಿದ ಹಾಗಿವೆ ಎಂದು ಇನ್ನೊಬ್ಬರು ಬರೆದರು. ಮೂರನೆಯವರಿಗೆ ಈಗಿನ ಚಿತ್ರಗಳಲ್ಲಿ ಎಲ್ಲ ಬಗೆಯ ಜನ ಕಾಣಿಸುವುದೇ ಬೇಸರ. ಮೂರೂ ಒಂದೇ ಜಗಳ ಅನ್ನುವ ಹಾಗೆ ಮಾತು ಸಾಗಿದೆ. ಆದರೆ ಚಿತ್ರದ ಶೈಲಿ ಬೇರೆ, ಅದರಲ್ಲಿ ಪಾತ್ರವನ್ನು ತೋರಿಸುವ ಬಗೆ ಬೇರೆ. ಮೊದಲನೆಯದು ಅವರವರ ರುಚಿ. ಎರಡನೆಯದರಲ್ಲಿ ಸರಿ, ತಪ್ಪು ಅಂತ ಇದೆ.

ಶೈಲಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 1974ರಲ್ಲಿ ಇಂಥ ಆಟವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಮೊದಲ ಸಲ ಬಂದಾಗ ಅದು ಮೂರು ಸಣ್ಣ ಪುಸ್ತಿಕೆಗಳ ಆಟ. ಒಳಗಿನ ಚಿತ್ರಗಳು ಹವ್ಯಾಸಿಗಳ ಕೈಯಿಂದ ಬಂದವು. ಆಮೇಲೆ ಎರೋಲ್ ಓಟಸ್ ಬಂದರು. ಅವರ ಚಿತ್ರಗಳು ಕೆಟ್ಟ ಕನಸಿನ ಹಾಗಿರುತ್ತಿದ್ದವು. ಇದೇ ಆಟಕ್ಕೆ 1991ರಲ್ಲಿ ಬಂದ ಡಾರ್ಕ್ ಸನ್ ಎಂಬ ಕಥಾಲೋಕಕ್ಕೆ ಬ್ರಾಮ್ ಎಂಬ ಕಲಾವಿದರು ಸುಟ್ಟ ಮರುಭೂಮಿಯ ಬಣ್ಣ ತಂದರು. ಲೇಖಕರು ಬರೆಯುವ ಮೊದಲೇ ಅವರ ಕೆಲವು ಚಿತ್ರಗಳು ತಯಾರಿದ್ದವು. ಆ ಲೋಕ ಬೆಳೆದದ್ದು ಬಹುಮಟ್ಟಿಗೆ ಅವರ ಕುಂಚದಿಂದ. 1994ರ ಪ್ಲೇನ್‌ಸ್ಕೇಪ್ ಎಂಬ ಇನ್ನೊಂದು ಲೋಕಕ್ಕೆ ಟೋನಿ ಡಿಟರ್ಲಿಜ್ಜಿ ತೆಳು ಗೆರೆ, ಮಾಸಿದ ಬಣ್ಣಗಳಲ್ಲಿ ಬರೆದರು. ಇವರಲ್ಲಿ ಯಾರು ಮೇಲು ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎಲ್ಲರೂ ಬೇಕು.

ನನಗೆ ಮುಖ್ಯ ಅನ್ನಿಸುವುದು ಬೇರೆ ಪ್ರಶ್ನೆ. ಚಿತ್ರದಲ್ಲಿರುವ ಆ ವ್ಯಕ್ತಿ ಏನು ಮಾಡುತ್ತಿದ್ದಾರೆ?

ಇದೇ ಆಟದ 1978ರ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಮುಖಪುಟ ನೆನಪಿಸಿಕೊಳ್ಳಿ. ಆ ಚಿತ್ರ ಬರೆದವರು ಡೇವಿಡ್ ಟ್ರಾಂಪಿಯರ್. ದೊಡ್ಡದೊಂದು ರಾಕ್ಷಸ ಮೂರ್ತಿ ಕೂತಿದೆ. ಇಬ್ಬರು ಕಳ್ಳರು ಮೇಲೆ ಹತ್ತಿ ಅದರ ಕಣ್ಣಿನ ರತ್ನವನ್ನು ಮೀಟಿ ಕೀಳುತ್ತಿದ್ದಾರೆ. ಕೆಳಗೆ ಹಲ್ಲಿಯಂಥ ಜೀವಿಗಳು ಸತ್ತು ಬಿದ್ದಿವೆ. ಒಬ್ಬ ಕತ್ತಿ ಒರೆಸುತ್ತಿದ್ದಾನೆ. ಉಳಿದವರು ನಕ್ಷೆ ಹಿಡಿದು ಮುಂದೇನು ಅಂತ ಮಾತಾಡುತ್ತಿದ್ದಾರೆ. ಅಷ್ಟೇ. ಕಾಳಗ ಮುಗಿದಿದೆ. ಯಾರೂ ನಮ್ಮ ಕಡೆ ತಿರುಗಿ ಪೋಸ್ ಕೊಡುತ್ತಿಲ್ಲ. ಈ ಆಟ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ನಿಯಮ ವಿವರಿಸುವುದಿಲ್ಲ, ಈ ಚಿತ್ರ ತೋರಿಸುತ್ತೇನೆ. ಯಾರು ಕಾವಲು, ಯಾರು ಮೇಲೆ ಹತ್ತುವುದು, ಆ ರತ್ನ ಕಿತ್ತರೆ ಏನಾಗಬಹುದು? ಮೇಜಿನ ಸುತ್ತ ಕೂತು ನಾವು ಗಂಟೆಗಟ್ಟಲೆ ಮಾತಾಡುವುದು ಇದನ್ನೇ ಅಲ್ವಾ?

1983ರಲ್ಲಿ ಇದೇ ಆಟ ಬಂದ ಕೆಂಪು ಡಬ್ಬಿಯ ಮೇಲೆ ಲ್ಯಾರಿ ಎಲ್ಮೋರ್ ಬರೆದ ಚಿತ್ರ ಇನ್ನೊಂದು ಬಗೆಯದು. ಕೆಂಪು ಡ್ರ್ಯಾಗನ್ ನಮ್ಮ ಕಡೆಗೇ ಎರಗಿ ಬರುತ್ತಿದೆ. ಯೋಧನ ಬೆನ್ನು ನಮ್ಮ ಕಡೆಗಿದೆ. ಹಾಗಾಗಿ ನೋಡುವವರು ಅವನ ಜಾಗದಲ್ಲಿ ತಾವೇ ನಿಲ್ಲುತ್ತಾರೆ. ಶೈಲಿಯಲ್ಲಿ ಈ ಎರಡು ಚಿತ್ರಗಳಿಗೆ ಸಂಬಂಧವೇ ಇಲ್ಲ. ಆದರೆ ಎರಡರಲ್ಲೂ ಆಟಗಾರರಿಗೆ ಜಾಗವಿದೆ.

ಹದಿನೈದು ವರ್ಷದಿಂದ ಗೆಳೆಯರ ಗುಂಪಿಗೆ ಆಟ ನಡೆಸುತ್ತಿದ್ದೇನೆ. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಾಂತ್ರಿಕಳ ಪಾತ್ರ ಬೇಕೆಂದಳು. ನಾನು ಸುಮ್ನೆ ಒಂದು ಹಳೆಯ ಪುಸ್ತಕ ಕೊಟ್ಟೆ. ಇದರಲ್ಲಿ ನಿನಗೆ ಒಪ್ಪುವ ಚಿತ್ರ ಹುಡುಕು ಅಂದೆ. ಅವಳು ತುಂಬಾ ಹೊತ್ತು ಪುಟ ತಿರುಗಿಸಿದಳು. ಕೊನೆಗೆ ಒಂದು ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು: "ಅಣ್ಣಾ, ನಮ್ಮ ಕಥೆ ನಡೆಯೋದು ಹಿಮದ ಬೆಟ್ಟದಲ್ಲಿ ಅಂದ್ರಿ. ಇವಳು ಈ ಬಟ್ಟೆಯಲ್ಲಿ ಅಲ್ಲಿಗೆ ಹೇಗೆ ಹೋಗ್ತಾಳೆ?" ಅದೇ ಪುಟದಲ್ಲಿದ್ದ ಗಂಡಸು ತಲೆಯಿಂದ ಕಾಲಿನವರೆಗೆ ಕವಚ ತೊಟ್ಟಿದ್ದ. ನಾನು ಆ ಪುಸ್ತಕವನ್ನು ವರ್ಷಗಟ್ಟಲೆ ನೋಡಿದ್ದೆ. ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಆ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು.

"ಡ್ರ್ಯಾಗನ್ ಇರುವ ಲೋಕದಲ್ಲಿ ಕವಚದ ಲೆಕ್ಕ ಯಾಕೆ" ಎಂದು ನಿಮ್ಮ ಓದುಗರೊಬ್ಬರು ಕೇಳಿದ್ದಾರೆ. ಯಾಕೆಂದರೆ ಡ್ರ್ಯಾಗನ್ನಿಗೆ ಹೆದರಬೇಕಾದರೆ ಉಳಿದದ್ದನ್ನು ನಾವು ನಂಬಬೇಕು. ಎದೆಗವಚವನ್ನೇ ನೋಡಿ. ನಿಜವಾದ ಲೋಹದ ಕವಚದ ಮುಂಭಾಗ ಉಬ್ಬಿರುತ್ತಿತ್ತು, ಕೆಲವೊಮ್ಮೆ ನಡುವೆ ಏಣೂ ಇರುತ್ತಿತ್ತು. ಈಟಿಯ ಮೊನೆ ತಾಗಿದರೆ ಪಕ್ಕಕ್ಕೆ ಜಾರಿಹೋಗಲಿ ಅಂತ. ಹೆಂಗಸಿನ ಕವಚ ಅಂತ ಎರಡು ಬಟ್ಟಲು ಕೂರಿಸಿ ಬರೆದರೆ ಅದೇ ಮೊನೆ ಜಾರಿ ಎದೆಯ ನಡುಮೂಳೆಗೇ ಬರುತ್ತದೆ. ಅಂಥ ಚಿತ್ರದಲ್ಲಿರುವವಳು ಯೋಧೆಯಲ್ಲ. ಯಾರೋ ನೋಡಲಿ ಅಂತ ನಿಲ್ಲಿಸಿದ ಗೊಂಬೆ. ಇದು ಮಡಿವಂತಿಕೆಯ ಮಾತಲ್ಲ. ಕುಣಿಯುವವಳನ್ನು ಕುಣಿಯುವವಳಂತೆ ಬರೆಯಿರಿ, ನನ್ನ ಅಭ್ಯಂತರವಿಲ್ಲ. ಕಾದುವವಳನ್ನು ಕಾದುವವಳಂತೆ ಬರೆಯಿರಿ.

ಇದೇ ಅಳತೆಯನ್ನು ಹೊಸ ಚಿತ್ರಗಳಿಗೂ ಹಿಡಿಯುತ್ತೇನೆ. ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ 2014ರ ಆವೃತ್ತಿಯಲ್ಲಿ ಮನುಷ್ಯರ ಅಧ್ಯಾಯಕ್ಕೆ ಕಪ್ಪು ಮೈಬಣ್ಣದ ಯೋಧೆಯ ಚಿತ್ರ ಹಾಕಿದರು. ಮೈತುಂಬ ಕವಚ, ಸ್ಥಿರವಾದ ನಿಲುವು. ಮನುಷ್ಯ ಅಂದರೆ ಬಿಳಿಯ ಗಂಡಸು ಅಂತ ದಶಕಗಳ ಕಾಲ ನೋಡಿ ಬಂದವರಿಗೆ ಆ ಒಂದು ಪುಟ ಎಷ್ಟೋ ಹೇಳಿತು. ಆದರೆ ಅದೇ ಪುಸ್ತಕದ ಹಾಫ್ಲಿಂಗ್‌ಗಳು, ಅಂದರೆ ಆಟದ ಕುಳ್ಳ ಜನ, ನನಗೆ ಹಿಡಿಸಲಿಲ್ಲ. ದಪ್ಪ ತಲೆ, ಕಡ್ಡಿಯಂಥ ಕಾಲು, ಪುಟಾಣಿ ಪಾದ. ಆ ಪಾದದಲ್ಲಿ ಒಂದು ಮೈಲಿ ನಡೆಯುವುದೂ ಕಷ್ಟ. ಆಟದಲ್ಲಿ ಅವರು ಊರೂರು ಸುತ್ತುವ ಸಾಹಸಿಗಳು.

ಇನ್ನೊಂದು ವಿಷಯ ಚರ್ಚೆಯಲ್ಲಿ ಬರಲೇ ಇಲ್ಲ. ಒಂದು ಚಿತ್ರ ಇಡೀ ಜನಾಂಗವನ್ನು ಕಟ್ಟಿಹಾಕಬಲ್ಲದು. ಟೀಫ್ಲಿಂಗ್‌ಗಳ ಕಥೆ ನೋಡಿ. ಮನುಷ್ಯರ ವಂಶದಲ್ಲಿ ಎಲ್ಲೋ ಪಿಶಾಚಿಯ ರಕ್ತ ಬೆರೆತವರು ಅವರು. 1994ರಲ್ಲಿ ಒಬ್ಬೊಬ್ಬರೂ ಒಂದೊಂದು ಥರ ಇದ್ದರು. ಒಬ್ಬನಿಗೆ ಸಣ್ಣ ಕೊಂಬು, ಇನ್ನೊಬ್ಬಳಿಗೆ ಬಾಲ. ಕೆಲವರಂತೂ ಥಟ್ಟನೆ ನೋಡಿದರೆ ಮನುಷ್ಯರೇ. 2008ರ ಆವೃತ್ತಿ ಎಲ್ಲರಿಗೂ ದೊಡ್ಡ ಕೊಂಬು, ದಪ್ಪ ಬಾಲ ಕೊಟ್ಟಿತು. ನೋಡಿದ ಕೂಡಲೇ ಗುರುತು ಸಿಗುತ್ತದೆ, ಒಪ್ಪುತ್ತೇನೆ. ಆದರೆ ತನ್ನ ಗುರುತನ್ನು ಟೋಪಿಯೊಳಗೆ ಅಡಗಿಸಿಕೊಂಡು ಬದುಕುವವಳ ಕಥೆ ಆಡುವುದು ಕಷ್ಟವಾಯಿತು. ನನ್ನ ಗುಂಪಿನಲ್ಲಿ ಅಂಥ ಒಂದು ಪಾತ್ರವಿತ್ತು. ಎರಡು ವರ್ಷ ಆಡಿದೆವು. ಅವಳ ಗುಟ್ಟು ಬಯಲಾದ ರಾತ್ರಿ ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ.

ಮೇಲಿನ ಚಿತ್ರಗಳ ಬಗ್ಗೆ ಇಷ್ಟೆಲ್ಲ ಜಗಳವಾಡಬಹುದು, ಯಾಕೆಂದರೆ ಅವುಗಳ ಹಿಂದೆ ಯಾರೋ ಕೂತು ಯೋಚಿಸಿದ್ದಾರೆ. ಕಂಪ್ಯೂಟರ್ ತಾನೇ ಹುಟ್ಟಿಸುವ ಚಿತ್ರಗಳು ಬರುವ ಹೊತ್ತಿಗೆ ಇದು ಇನ್ನಷ್ಟು ಮುಖ್ಯ. 2023ರಲ್ಲಿ ಇದೇ ಆಟದ, ದೈತ್ಯರ ಬಗೆಗಿನ ಪುಸ್ತಕವೊಂದರ ಕೆಲವು ಚಿತ್ರಗಳಲ್ಲಿ ಎಐ ಬಳಸಿದ್ದು ಹೊರಬಂತು. ಮೊದಲು ಅನುಮಾನಪಟ್ಟವರು ಓದುಗರೇ. ಆಮೇಲೆ ಪ್ರಕಾಶಕರು ಎಐ ಬಳಸಬಾರದೆಂದು ಕಲಾವಿದರಿಗೆ ಸೂಚನೆ ಕೊಟ್ಟರು. ಅದು ಒಳ್ಳೆಯ ತೀರ್ಮಾನ.

ಕೊನೆಗೊಂದು ವಿನಂತಿ. ಈ ಚರ್ಚೆ ಶುರುವಾದ ಲೇಖನದ ಜೊತೆ ನೀವು ನಾಲ್ಕು ಚಿತ್ರ ಹಾಕಿದ್ದಿರಿ. ಒಂದರ ಕೆಳಗೂ ಕಲಾವಿದರ ಹೆಸರಿರಲಿಲ್ಲ. ಟ್ರಾಂಪಿಯರ್ 1980ರ ದಶಕದ ಕೊನೆಯಲ್ಲಿ ಈ ಕೆಲಸವನ್ನೇ ಬಿಟ್ಟುಹೋದರು. ಆಮೇಲೆ ಟ್ಯಾಕ್ಸಿ ಓಡಿಸಿದರು. 2014ರಲ್ಲಿ ತೀರಿಕೊಂಡರು. ಅವರ ಆ ರತ್ನದ ಕಣ್ಣಿನ ಮೂರ್ತಿಯನ್ನು ಗುರುತಿಸುವ ಎಷ್ಟೋ ಜನರಿಗೆ ಅವರ ಹೆಸರು ಗೊತ್ತಿಲ್ಲ. ಮುಂದಿನ ಸಲ ಚಿತ್ರದ ಕೆಳಗೆ ಒಂದು ಸಾಲು ಸೇರಿಸಿ.

ಇತಿ,
ನಿಮ್ಮ ಓದುಗ