ನಿನ್ನ ತಮ್ಮನ ಸಹಿ

ಮುರುಗೇಶಪಾಳ್ಯ, ಬೆಂಗಳೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊನ್ನೆ ನೀನು ಕೋಪ ಮಾಡಿಕೊಂಡು ಫೋನ್ ಇಟ್ಟುಬಿಟ್ಟೆ. ನಾನೂ ಮತ್ತೆ ಮಾಡಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಒಬ್ಬರು ಮುಗಿಸಲು ಬಿಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಓದಬೇಡ, ಮನೆಗೆ ಬಂದು ಊಟ ಆದ ಮೇಲೆ ನಿಧಾನವಾಗಿ ಓದು.

"ಇರೋ ಕ್ಲಬ್ಬೇ ಇನ್ನೊಂದು ವರ್ಷಕ್ಕೆ ಇರು ಅಂತ ಕರೀತಿದೆ, ಇವನು ದುಡ್ಡಿಗೆ ಹಟ ಹಿಡಿದು ಕೂತಿದ್ದಾನೆ, ನೀನಾದ್ರೂ ಬುದ್ಧಿ ಹೇಳಮ್ಮ" ಅಂತ ನಿನ್ನ ತಮ್ಮನ ಬಗ್ಗೆ ಅಂದೆಯಲ್ಲ. ನಿಮ್ಮಪ್ಪನದೂ ಅದೇ ಮಾತು. ಅವತ್ತು ನಾನು ಸುಮ್ಮನಿದ್ದೆ, ಯಾಕೆಂದರೆ ಫುಟ್‌ಬಾಲ್ ಕ್ಲಬ್ ಅವನಿಗೆ ಕೊಟ್ಟ ಕಾಂಟ್ರ್ಯಾಕ್ಟ್ ಕಾಗದವನ್ನು ನಾನೇ ಓದಿರಲಿಲ್ಲ. ಈಗ ಓದಿದ್ದೇನೆ. ಹದಿನಾಲ್ಕು ಪುಟ, ಎರಡು ರಾತ್ರಿ. ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ಬ್ಯಾಂಕಿನಲ್ಲಿ ಸಾಲದ ಕಾಗದ ಓದುತ್ತಿದ್ದ ಹಾಗೇ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ. ಗೊತ್ತಾಗದ ಕಡೆ ಅವನನ್ನೇ ಕೂರಿಸಿಕೊಂಡು ಕೇಳಿದೆ.

ಪುಟ್ಟಿ, ಅವನು ಜಾಸ್ತಿ ಕೇಳಿಲ್ಲ. ಕಡಿಮೆ ಕೇಳಿದ್ದಾನೆ. ಕ್ಲಬ್ ಹೇಳಿದ ತಿಂಗಳ ಸಂಬಳಕ್ಕಿಂತ ಕಡಿಮೆ ಕೊಡಿ, ಆದರೆ ಎರಡು ವರ್ಷ ಗಟ್ಟಿ ಮಾಡಿ ಅಂದಿದ್ದಾನೆ. ಅವನ ಪರವಾಗಿ ಮಾತಾಡುವ ಏಜೆಂಟ್ ಕ್ಲಬ್ಬಿಗೆ ಕಳಿಸಿದ ಮೇಲ್ ನಾನೇ ನೋಡಿದೆ. ನಮಗೆ ಯಾರಿಗೂ ಅವನು ಇದನ್ನು ಹೇಳಿರಲಿಲ್ಲ. ಕಡಿಮೆಗೆ ಒಪ್ಪಿಕೊಂಡೆ ಅಂತ ಹೇಳಿಕೊಳ್ಳಲು ನಾಚಿಕೆಯಂತೆ. ನಾವೆಲ್ಲ ಸೇರಿ ಅವನನ್ನು ದುರಾಸೆಯವನು ಮಾಡಿಬಿಟ್ಟೆವು, ಅವನು ಸುಮ್ಮನೆ ಕೇಳಿಸಿಕೊಂಡ. ಅದು ನನಗೆ ತುಂಬಾ ನೋವಾಯಿತು.

ಅಪ್ಪನ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಅವರ ಕಾಲದ ಆಟವೇ ಬೇರೆ. ಆಗ ಬೆಂಗಳೂರಿನಲ್ಲಿ ಒಳ್ಳೆ ಟೀಮು ಅಂದರೆ ಐಟಿಐ, ಎಚ್‌ಎಎಲ್, ಎಂಇಜಿ, ಇಂಥವು. ಕಾಲಿನಲ್ಲಿ ಆಟ ಇದ್ದ ಹುಡುಗನಿಗೆ ಕಾರ್ಖಾನೆಯೋ ಮಿಲಿಟರಿಯೋ ಕೆಲಸ ಕೊಡುತ್ತಿತ್ತು. ಅಪ್ಪನಿಗೂ ಹಾಗೇ ಸಿಕ್ಕಿತು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಕಾರ್ಖಾನೆಯ ಶಾಪಿನಲ್ಲಿ ಕೆಲಸ, ಮ್ಯಾಚ್ ಇದ್ದ ದಿನ ಸ್ಪೆಷಲ್ ರಜೆ. 29ಕ್ಕೆ ಮಂಡಿ ಹೋಯಿತು. ಟೀಮಿನಿಂದ ತೆಗೆದರು, ಸ್ಟೋರ್ಸಿಗೆ ಹಾಕಿದರು, ಅಷ್ಟೇ. ಮಂಡಿ ಹೋದರೂ ಕೆಲಸ ಹೋಗಲಿಲ್ಲ. 60ರವರೆಗೆ ದುಡಿದು ಪಿಎಫ್, ಗ್ರಾಚ್ಯುಟಿ ತಗೊಂಡು ಮನೆಗೆ ಬಂದರು. ನಿನ್ನ ಫೀಸು, ಈ ಮನೆ, ಎಲ್ಲ ಅದರಿಂದಲೇ ಆಗಿದ್ದು. ಕೊಟ್ಟ ಕಡೆ ಸಹಿ ಹಾಕು ಅಂತ ಅವರು ಹೇಳುವುದು, ಅವರು ಸಹಿ ಹಾಕಿದ ಕಾಗದ ಅವರನ್ನು ಕೊನೆ ತನಕ ಕಾಪಾಡಿತು ಅನ್ನುವ ನಂಬಿಕೆಯಿಂದ. ನಿನ್ನ ತಮ್ಮನ ಕಾಗದಕ್ಕೆ ಆ ಶಕ್ತಿ ಇಲ್ಲ. ಮೇ 31 ಬಂದರೆ ಮುಗಿಯಿತು. ಜೂನ್ 1ಕ್ಕೆ ಸ್ಟೋರ್ಸ್ ಇಲ್ಲ, ಶಾಪ್ ಇಲ್ಲ.

ನೀನು ನಿಮ್ಮ ಕಂಪನಿಯ ಲೆಕ್ಕ ಹೇಳಿದೆ. ಒಂದು ವರ್ಷಕ್ಕೆ ಸೇರಲಿ, ಸರಿ ಹೋಗದಿದ್ದರೆ ಬಿಟ್ಟು ಬೇರೆ ಕಡೆ ಹೋಗಲಿ, ಅದರಲ್ಲೇನಿದೆ ಅಂತ. ಅಲ್ಲೇ ವ್ಯತ್ಯಾಸ ಇರುವುದು. ನಿಮ್ಮಲ್ಲಿ ನೋಟಿಸ್ ಪೀರಿಯಡ್ ಇದೆ. ಫುಟ್‌ಬಾಲಿನಲ್ಲಿ ಕಾಂಟ್ರ್ಯಾಕ್ಟ್ ನಡುವೆ ನೋಟಿಸ್ ಕೊಟ್ಟು ಹೊರಡುವ ಹಾಗಿಲ್ಲ. ಅವಧಿ ಮುಗಿಯಬೇಕು, ಇಲ್ಲ ಎರಡೂ ಕಡೆಯವರು ಒಪ್ಪಬೇಕು, ಅದೂ ಇಲ್ಲದಿದ್ದರೆ ಸರಿಯಾದ ಕಾರಣ ಇರಬೇಕು. ಎರಡು ತಿಂಗಳ ಸಂಬಳ ಬಾಕಿ ಇದ್ದರೆ, ಬರವಣಿಗೆಯಲ್ಲಿ 15 ದಿನದ ಗಡುವು ಕೊಟ್ಟು, ಆಗಲೂ ಕೊಡದಿದ್ದರೆ ಬಿಡಬಹುದು ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾದ ನಿಯಮ ಇದೆ. ಅವನ ಮೊದಲನೇ ಕ್ಲಬ್ಬಿನಲ್ಲಿ ಮೂರು ತಿಂಗಳು ಸಂಬಳ ಬರಲಿಲ್ಲ, ನೆನಪಿದೆಯಾ? ಆಗ ಅವನಿಗೆ 20 ವರ್ಷ. ಈ ನಿಯಮ ಇದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾರ ಹತ್ತಿರ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಆ ದುಡ್ಡು ಹೋಯಿತು. ಅವತ್ತಿನಿಂದ ಅವನು ಕಾಗದ ಓದಲು ಕಲಿತ.

ಮೊನ್ನೆ ಮಾವಿನಕಾಯಿ ಚಿತ್ರಾನ್ನ ತಿನ್ನುತ್ತಾ ನನಗೆ ಬಾಸ್ಮನ್ ಕಥೆ ಹೇಳಿದ. ಬೆಲ್ಜಿಯಂನ ಆಟಗಾರ, ಜ್ಯಾಂ ಮಾರ್ಕ್ ಬಾಸ್ಮನ್. 1990ರಲ್ಲಿ ಲಿಯೇಜ್ ಅನ್ನುವ ಕ್ಲಬ್ಬಿನ ಜೊತೆ ಅವನ ಕಾಂಟ್ರ್ಯಾಕ್ಟ್ ಮುಗಿಯಿತು. ಕ್ಲಬ್ ಸಂಬಳವನ್ನು ಕಾಲು ಭಾಗಕ್ಕೆ ಇಳಿಸಿ ಇರು ಅಂದಿತು. ಇವನು ಒಪ್ಪಲಿಲ್ಲ, ಫ್ರಾನ್ಸಿನ ಡಂಕರ್ಕ್ ಕ್ಲಬ್ ಕರೆಯಿತು. ಆದರೆ ಕಾಂಟ್ರ್ಯಾಕ್ಟ್ ಮುಗಿದ ಮೇಲೂ ಹಳೇ ಕ್ಲಬ್ ಟ್ರಾನ್ಸ್‌ಫರ್ ದುಡ್ಡು ಕೇಳಬಹುದಾದ ಕಾಲ ಅದು. ಹೋಗಲು ಬಿಡಲಿಲ್ಲ. ಐದು ವರ್ಷ ಕೋರ್ಟು ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿನ ಕೋರ್ಟು ಅವನ ಪರ ತೀರ್ಪು ಕೊಟ್ಟಿತು. ಕಾಂಟ್ರ್ಯಾಕ್ಟ್ ಮುಗಿದ ಆಟಗಾರ ಟ್ರಾನ್ಸ್‌ಫರ್ ದುಡ್ಡಿನ ತಕರಾರಿಲ್ಲದೆ ಬೇರೆ ಕಡೆ ಹೋಗಬಹುದು ಅನ್ನುವುದು ಬಂದಿದ್ದೇ ಅಲ್ಲಿಂದ. ಬಾಸ್ಮನ್ನಿಗೆ ಮಾತ್ರ ಅಷ್ಟು ಹೊತ್ತಿಗೆ ಆಟದ ವಯಸ್ಸು ಜಾರಿತ್ತು. ಕುಡಿತಕ್ಕೆ ಬಿದ್ದ, ಕೈ ಖಾಲಿಯಾಯಿತು. ಅವನಿಂದ ಲಾಭ ಆಗಿದ್ದು ಆಮೇಲೆ ಬಂದವರಿಗೆ. ಇದನ್ನು ಹೇಳುವಾಗ ನಿನ್ನ ತಮ್ಮ ತಟ್ಟೆ ನೋಡಿಕೊಂಡೇ ಮಾತಾಡುತ್ತಿದ್ದ. ನಾನು ಇನ್ನೊಂದು ಸೌಟು ಬಡಿಸಿದೆ, ಬೇಡ ಅನ್ನಲಿಲ್ಲ.

ದೊಡ್ಡವರಿಗೂ ಇದು ತಪ್ಪಿಲ್ಲ ಬಿಡು. ಭಾರತ ಫುಟ್‌ಬಾಲ್ ತಂಡದ ನಾಯಕನಾಗಿದ್ದ ನಮ್ಮ ಸುನಿಲ್ ಛೆಟ್ರಿಯನ್ನೇ ನೋಡು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಕರೆದು ಒಪ್ಪಂದ ಮಾಡಿಕೊಂಡಿತ್ತು. ಭಾರತ ಫೀಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇಲ್ಲ ಅಂತ ಅಲ್ಲಿನ ಸರ್ಕಾರ ವರ್ಕ್ ಪರ್ಮಿಟ್ ಕೊಡಲಿಲ್ಲ. ಅದೇ ಮನುಷ್ಯ 2013ರಲ್ಲಿ ನಮ್ಮೂರಿಗೆ ಬಂದು ಬೆಂಗಳೂರು ಎಫ್‌ಸಿಗೆ ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದ. ಆ ಸೀಸನ್ನಿನಲ್ಲಿ ಮ್ಯಾಚ್ ನಡೆಯುತ್ತಿದ್ದಿದ್ದು ಗರುಡಾ ಮಾಲ್ ಹತ್ತಿರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ನೀನು ಕಾಲೇಜು, ಅವನು ಹೈಸ್ಕೂಲು. ಇಬ್ಬರೂ ಬಸ್ಸಿನಲ್ಲಿ ಹೋಗಿ ಮೇಯೊ ಹಾಲ್ ಹತ್ತಿರ ಇಳಿದು ನಡೆದುಕೊಂಡು ಹೋಗುತ್ತಿದ್ದಿರಿ. ಒಂದು ದಿನ ಅವನಿಗೆ ಗಂಟಲು ಕಟ್ಟಿಹೋಗಿ ಎರಡು ದಿನ ಮಾತೇ ಹೊರಡಲಿಲ್ಲ. "ಅಮ್ಮಾ, ಇವನು ಆಡೋನೇ, ನೋಡ್ತಿರು" ಅಂತ ನೀನೇ ನನಗೆ ಹೇಳಿದ್ದೆ. ನಾನು ಅವನಿಗೆ ಮೊದಲ ಒಳ್ಳೆ ಬೂಟು ಕೊಡಿಸಿದ್ದು ನಿನ್ನ ಮಾತು ಕೇಳಿ, ಪುಟ್ಟಿ.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ. ಒಂದು ವರ್ಷ ಅಂತ ನಿನಗೆ ಹೇಳಿದ್ದಾರಲ್ಲ, ಅದು ಪೂರ್ತಿ ನಿಜ ಅಲ್ಲ. ಒಂದು ವರ್ಷ, ಅದರ ಮೇಲೆ ಇನ್ನೊಂದು ವರ್ಷದ ಆಪ್ಷನ್. ಆಪ್ಷನ್ ಇರುವುದು ಕ್ಲಬ್ ಕೈಯಲ್ಲಿ ಮಾತ್ರ. ಬೇಕಾದರೆ ಉಳಿಸಿಕೊಳ್ಳುತ್ತಾರೆ, ಬೇಡದಿದ್ದರೆ ಬಿಡುತ್ತಾರೆ. ಬಾಗಿಲ ಚಿಲಕ ಅವರ ಕಡೆ ಮಾತ್ರ ಇದೆ. ಅಷ್ಟನ್ನೂ ನಾನು ಒಪ್ಪುತ್ತಿದ್ದೆ. ಆದರೆ ಒಂಬತ್ತನೇ ಪುಟದಲ್ಲಿ ಒಂದು ಸಾಲಿದೆ. ಉಳಿಸಿಕೊಳ್ಳುತ್ತೇವೋ ಇಲ್ಲವೋ ಅಂತ ತಿಳಿಸಲು ಕ್ಲಬ್ಬಿಗೆ ಮೇ 31ರವರೆಗೆ ಸಮಯ. ಮೂರು ಸಲ ಓದಿದೆ. ಕಾಂಟ್ರ್ಯಾಕ್ಟಿಗೆ ಆರು ತಿಂಗಳು ಉಳಿದಾಗ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಸೀಸನ್ನಿಗೆ ಮಾತಾಡಿ ಸಹಿ ಹಾಕಬಹುದು, ಡಿಸೆಂಬರ್‌ನಿಂದ ಅವನಿಗೆ ಆ ಹಕ್ಕು ಬರುತ್ತದೆ. ಇವರು ಮೇ 31ರ ತನಕ ಬಾಯಿ ಬಿಡದಿದ್ದರೆ ಜನವರಿಯಲ್ಲಿ ಯಾರಾದರೂ ಬಂದು ಕೇಳಿದರೂ ಇವನು ಹೂಂ ಅನ್ನುವ ಹಾಗಿಲ್ಲ, ಊಹೂಂ ಅನ್ನುವ ಹಾಗೂ ಇಲ್ಲ. ಮೇ 31ಕ್ಕೆ ಬೇಡ ಅಂದರೆ ಅಷ್ಟು ಹೊತ್ತಿಗೆ ಉಳಿದ ಕ್ಲಬ್‌ಗಳು ಇವನು ಆಡುವ ಲೆಫ್ಟ್ ಬ್ಯಾಕ್ ಜಾಗಕ್ಕೆ ಬೇರೆಯವರನ್ನು ಹುಡುಕಿಕೊಂಡಿರುತ್ತವೆ. ಆಗ ಅವನಿಗೆ 28. ಆಪರೇಷನ್ ಆದ ಮಂಡಿ.

ಇನ್ನೊಂದು ಸಾಲು ಹನ್ನೊಂದನೇ ಪುಟದಲ್ಲಿದೆ. ಪೆಟ್ಟಾಗಿ ಮೂರು ತಿಂಗಳಿಗಿಂತ ಹೆಚ್ಚು ಆಡದಿದ್ದರೆ ಅರ್ಧ ಸಂಬಳ. ಪೆಟ್ಟು ಬೀಳುವುದು ಅವರ ಆಟ ಆಡುವಾಗಲೇ ಅಲ್ವಾ? ಏಜೆಂಟ್‌ಗೆ ಫೋನ್ ಮಾಡಿ ಕೇಳಿದೆ. "ಎಲ್ಲರಿಗೂ ಹೀಗೇ ಇದೆ ಅಮ್ಮ" ಅಂದರು. ಒಳ್ಳೆಯವರೇ, ಆದರೆ ಅವರಿಗೆ ಇನ್ನೂ ಹತ್ತು ಹುಡುಗರಿದ್ದಾರೆ. ನನಗೆ ಇವನೊಬ್ಬ.

ಹೋದ ವರ್ಷ, 2025ರಲ್ಲಿ, ಏನಾಯಿತು ಅಂತ ನೀನು ನೋಡಿದ್ದೀಯ. ಏಪ್ರಿಲ್‌ನಲ್ಲಿ ಮಂಡಿಯೊಳಗಿನ ಎಸಿಎಲ್ ಅನ್ನುವ ನಾರಿನ ಆಪರೇಷನ್ ಆಯಿತು. ಕಡಿಮೆ ಅಂದರೂ ಒಂಬತ್ತು ತಿಂಗಳು ಅಂದರು ಡಾಕ್ಟರು. ಅವನು ಕೋಲು ಹಿಡಿದು ಓಡಾಡುತ್ತಿದ್ದಾಗಲೇ, ಜುಲೈ 11ಕ್ಕೆ, ದೇಶದ ದೊಡ್ಡ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಡೆಹಿಡಿದಿದ್ದಾರೆ ಅಂತ ಸುದ್ದಿ ಬಂತು. ಭಾರತದ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುತ್ತಿದ್ದ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಕೆಲವು ಕ್ಲಬ್‌ಗಳು ಸಂಬಳ ನಿಲ್ಲಿಸಿದವು. ಆ ವರ್ಷ ಮುಗಿಯುವ ತನಕ ಲೀಗ್ ಶುರುವಾಗಲೇ ಇಲ್ಲ. ಮೇಲಿನವರ ಒಂದು ಒಪ್ಪಂದ ನಿಂತಿದ್ದಕ್ಕೆ ಕೆಳಗೆ ಎಷ್ಟು ಮನೆಗಳಲ್ಲಿ ಅಡುಗೆಮನೆ ಲೆಕ್ಕ ಬದಲಾಯಿತು ಅಂತ ನನಗೆ ಗೊತ್ತು. ಕಿಟ್ ತೊಳೆಯುವವರು, ಬಸ್ ಡ್ರೈವರ್, ಫಿಸಿಯೊ, ಎಲ್ಲರದೂ ಇದೇ ಲೀಗು. ಎರಡು ವರ್ಷ ಗಟ್ಟಿ ಅನ್ನುವ ಮಾತು ಅವನ ಬಾಯಿಗೆ ಬಂದಿದ್ದು ಆ ತಿಂಗಳುಗಳಲ್ಲಿ.

ಒಂದು ವಿಷಯ ಹೇಳಬೇಕು ನಿನಗೆ. ಅವನು ಬೆಳಿಗ್ಗೆ ಐದೂವರೆಗೆ ತಾರಸಿಗೆ ಹೋಗುತ್ತಾನೆ. ಒಂಟಿ ಕಾಲಿನಲ್ಲಿ ಹಾರುವುದು, ಇಳಿಯುವುದು. ನಾನು ಕೆಳಗೆ ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಿರುತ್ತೇನೆ. ತಲೆ ಮೇಲೆ ಸದ್ದು ಕೇಳುತ್ತದೆ. ಮೊದಮೊದಲು ಬಲಗಾಲು ಧಪ್ ಅಂತ ಬೀಳುತ್ತಿತ್ತು, ಎಡಗಾಲು ಮೆಲ್ಲಗೆ, ಹೆದರಿಕೊಂಡು. ಕಣ್ಣು ಮುಚ್ಚಿದರೂ ಯಾವ ಕಾಲು ಅಂತ ಹೇಳುತ್ತಿದ್ದೆ. ಎಷ್ಟೋ ತಿಂಗಳು ಹಾಗೇ ಇತ್ತು. ಈಗ ಎರಡು ವಾರದಿಂದ ನಾನು ಕಿವಿಗೊಟ್ಟು ಕೇಳುತ್ತಿದ್ದೇನೆ. ಯಾವುದು ಎಡ, ಯಾವುದು ಬಲ, ನನಗೆ ಗೊತ್ತಾಗುತ್ತಿಲ್ಲ. ಡಾಕ್ಟರ ರಿಪೋರ್ಟಿನಲ್ಲೂ ಚೆನ್ನಾಗಿದೆ ಅಂತಲೇ ಬರೆದಿದೆ, ಆದರೆ ನನಗೆ ನಂಬಿಕೆ ಬಂದಿದ್ದು ಆ ಸದ್ದಿನಿಂದ. ಅವನಿಗೆ ಇನ್ನೂ ಆಟ ಇದೆ. ಅದನ್ನು ಅರ್ಧ ಬೆಲೆಗೆ, ಭಯದಲ್ಲಿ, ಕಣ್ಣು ಮುಚ್ಚಿ ಬರೆದುಕೊಡು ಅಂತ ನಾನು ಹೇಳುವುದಿಲ್ಲ.

ಇನ್ನೊಂದು ಕ್ಲಬ್ ಕೇಳಿದೆ, ಕೆಳಗಿನ ಲೀಗು, ತುಂಬಾ ದೂರದ ಊರು. ದುಡ್ಡು ಕಡಿಮೆ, ಎರಡು ವರ್ಷ. ಆಗದಿದ್ದರೆ ಅಲ್ಲಿಗೆ ಹೋಗುತ್ತಾನೆ. ಅವನಿಗೆ ಇಲ್ಲೇ ಇರಲು ಆಸೆ. ಕೋಚು, ಜೊತೆಯ ಹುಡುಗರು ಎಲ್ಲ ಚೆನ್ನಾಗಿದ್ದಾರೆ, ಪೆಟ್ಟಾದಾಗ ಆಸ್ಪತ್ರೆಗೆ ದಿನಾ ಯಾರಾದರೊಬ್ಬರು ಬರುತ್ತಿದ್ದರು. ಅದಕ್ಕೇ ಇಷ್ಟು ಕಾದಿರುವುದು.

ನಿನ್ನಿಂದ ನನಗೆ ಬೇಕಾಗಿರುವುದು ಇಷ್ಟು. ಒಂಬತ್ತು ಮತ್ತು ಹನ್ನೊಂದನೇ ಪುಟದ ಫೋಟೋ ವಾಟ್ಸಾಪ್ ಮಾಡಿದ್ದೇನೆ. ನೀನು ದಿನಾ ಆಫರ್ ಲೆಟರ್ ಬರೆಯುವವಳು, ಆ ಇಂಗ್ಲಿಷು ನಿನಗೆ ಬರುತ್ತದೆ. ಎರಡು ವರ್ಷ ಆಗುವುದೇ ಇಲ್ಲ ಅಂದರೆ ಆಪ್ಷನ್ ತಾರೀಕಾದರೂ ನವೆಂಬರ್ 30ಕ್ಕೆ ಬರಲಿ, ಡಿಸೆಂಬರ್‌ನಲ್ಲಿ ಅವನ ಕೈ ಕಟ್ಟಿ ಹಾಕಿದ ಹಾಗೆ ಆಗಬಾರದು. ಆಟದಲ್ಲಿ ಬಿದ್ದ ಪೆಟ್ಟಿಗೆ ಪೂರ್ತಿ ಸಂಬಳ ಬರಲಿ. ಎರಡಕ್ಕೂ ಮರ್ಯಾದೆಯ ಮಾತಿನಲ್ಲಿ ಒಂದೊಂದು ಸಾಲು ಬರೆದುಕೊಡು. ಏಜೆಂಟ್ ಗುರುವಾರ ಕ್ಲಬ್‌ನವರ ಜೊತೆ ಕೂರುತ್ತಾರೆ. ಬುಧವಾರ ರಾತ್ರಿಯೊಳಗೆ ಸಿಕ್ಕರೆ ಒಳ್ಳೆಯದು. ಅಳಿಯಂದಿರಿಗೂ ಒಮ್ಮೆ ತೋರಿಸು, ಅವರು ಸಮಾಧಾನವಾಗಿ ಯೋಚನೆ ಮಾಡುತ್ತಾರೆ.

ಅವನಿಗೂ ಫೋನ್ ಮಾಡು. ಮೊನ್ನೆ ನೀನು ಹೇಳಿದ್ದು ಅವನಿಗೆ ಕೇಳಿಸಿದೆ, ಸ್ಪೀಕರ್ ಹಾಕಿದ್ದೆ ನಾನು, ತಪ್ಪು ನನ್ನದೇ. ಏನು ಮಾಡಿದೆ, ಏನಾಯಿತು ಅಂತ ಕೇಳಬೇಡ, ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ಗಂಟಲು ಕಟ್ಟಿದ ಆ ಮ್ಯಾಚಿನ ಬಗ್ಗೆ ಮಾತಾಡು. ಯಾರ ಜೊತೆ ಆಡಿದ್ದು, ಯಾರು ಗೋಲ್ ಹೊಡೆದಿದ್ದು, ನನಗೆ ಮರೆತುಹೋಗಿದೆ, ಅವನಿಗೆ ಒಂದೊಂದು ಪಾಸೂ ನೆನಪಿರುತ್ತದೆ.

ಅಪ್ಪನಿಗೆ ರಾತ್ರಿ ಆ ಮೇಲ್ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ಹಿತ್ತಲಲ್ಲಿ ಸ್ಟೂಲ್ ಹಾಕಿಕೊಂಡು ಅವನ ಬೂಟಿನ ಕೆಸರು ಹಳೇ ಬ್ರಷ್‌ನಲ್ಲಿ ಕೆರೆಯುತ್ತಿದ್ದರು.

ಮಳೆ ಶುರುವಾಯಿತು. ಬಟ್ಟೆ ತೆಗೆಯಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಅಮ್ಮ