ಪಕ್ಕದ ತೋಟದ ಹಸಿರು ನಮ್ಮ ಬೆಳೆಯ ಲೆಕ್ಕಕ್ಕೆ: ಉಪಗ್ರಹ ಬೆಳೆ ಸಲಹಾ ಸೇವೆಯ ವಿರುದ್ಧ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರು

ಇವರಿಂದ,
ಚಂದಾದಾರ ರೈತ, ಮಾಯಕೊಂಡ ಹೋಬಳಿ, ದಾವಣಗೆರೆ ತಾಲ್ಲೂಕು

ವಿಷಯ: ತಪ್ಪಾದ ಗಡಿ ಮತ್ತು ಹಳೆಯ ಚಿತ್ರದ ಆಧಾರದ ಮೇಲೆ ಸಲಹೆ ನೀಡಿದ ಬಗ್ಗೆ.

ಮಾನ್ಯರೇ,

ಈ ಮುಂಗಾರಿನ ಪೂರ್ತಿ ಶುಲ್ಕವನ್ನು ನಿಮಗೆ ಮುಂಗಡವಾಗಿಯೇ ಕಟ್ಟಿದ್ದೇನೆ. ನಮ್ಮದು ಎರಡು ಎಕರೆ ಮೆಕ್ಕೆಜೋಳದ ಹೊಲ. ಉದ್ದನೆಯ ಪಟ್ಟಿ, ಅಗಲ 40 ಮೀಟರ್ ಅಷ್ಟೇ. ತಗ್ಗಿನ ಬದುವಿಗೆ ಹೊಂದಿಕೊಂಡು ಪಕ್ಕದವರ ಅಡಿಕೆ ತೋಟವಿದೆ. ಗಡಿ ಗುರುತಿಸಲು ಬಂದ ನಿಮ್ಮ ಪ್ರತಿನಿಧಿ ಮೊಬೈಲ್ ಹಿಡಿದು ಆ ಬದುವಿನ ಮೇಲೆ ಒಂದು ಸುತ್ತು ನಡೆದು ಮುಗಿಸಿದರು. ಮರಗಳ ಮರೆಯಲ್ಲಿ ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ, ಬಾಂದುಕಲ್ಲಿನ ಬಳಿ ನಿಂತು ತಾಳೆ ನೋಡಿ ಎಂದು ಆಗಲೇ ಹೇಳಿದ್ದೆ. ಕೇಳಲಿಲ್ಲ. ಈಗ ಆ್ಯಪ್‌ನಲ್ಲಿ ನಮ್ಮ ಹೊಲ ಅಡಿಕೆಯ ನಾಲ್ಕು ಸಾಲನ್ನು ಒಳಗೆ ಹಾಕಿಕೊಂಡು ಕುಳಿತಿದೆ.

ಇದನ್ನು ಸಣ್ಣ ವ್ಯತ್ಯಾಸವೆಂದು ನಿಮ್ಮ ಸಹಾಯವಾಣಿಯವರು ತಳ್ಳಿಹಾಕಿದರು. ನೀವು ಬಳಸುವ ಸೆಂಟಿನೆಲ್-2 ಉಪಗ್ರಹ ಚಿತ್ರದ ಒಂದು ಚುಕ್ಕಿ 10 ಮೀಟರ್ ಚೌಕ, ಅಂದರೆ ಹತ್ತಿರಹತ್ತಿರ ಒಂದು ಗುಂಟೆ. ನಮ್ಮ ಹೊಲದ ಅಗಲಕ್ಕೆ ಸಿಗುವುದೇ ನಾಲ್ಕು ಚುಕ್ಕಿ. ಅದಕ್ಕೆ ವರ್ಷವಿಡೀ ಹಸಿರಾಗಿರುವ ತೋಟದ ಚುಕ್ಕಿಯೂ ಸೇರಿದರೆ, ಬೆಳೆಯ ಆರೋಗ್ಯ ತಿಳಿಯಲು ನೀವು ತೆಗೆಯುವ ಹಸಿರಿನ ಸರಾಸರಿಗೆ ಏನು ಬೆಲೆ?

ಜುಲೈ ಮಳೆ ಹಿಡಿದಾಗ ತಗ್ಗಿನ ಕಡೆ ನೀರು ನಿಂತಿತು. ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಗೆ ತಿರುಗಿದವು. ಸಾರಜನಕದ ಕೊರತೆಯ ಈ ಗುರುತು ಇಲ್ಲಿ ಮೆಕ್ಕೆಜೋಳ ಬೆಳೆಯುವ ಎಲ್ಲರಿಗೂ ಗೊತ್ತು. ಅದೇ ವಾರ ನಿಮ್ಮಿಂದ ಬಂದ ಸಂದೇಶ: ‘ಬೆಳೆ ಆರೋಗ್ಯವಾಗಿದೆ, ಮೇಲುಗೊಬ್ಬರ ಸದ್ಯಕ್ಕೆ ಬೇಡ.’

ವರದಿಯ ಮೇಲೆ ಅಂದಿನ ದಿನಾಂಕವಿತ್ತು. ಚಿತ್ರದಲ್ಲಿ ಮಾತ್ರ ಊರ ಗೋಕಟ್ಟೆ ಬರಿದಾಗಿತ್ತು. ಅಷ್ಟರಲ್ಲಿ ಅದು ಕೋಡಿ ಬಿದ್ದಾಗಿತ್ತು! ಮೋಡ ಕವಿದಾಗ ಆ ಉಪಗ್ರಹದ ಕ್ಯಾಮೆರಾಕ್ಕೆ ನೆಲ ಕಾಣುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಮಳೆಗೆ ಮುಂಚಿನ ಚಿತ್ರಕ್ಕೆ ಹೊಸ ದಿನಾಂಕ ಹಾಕಿ ಕಳಿಸಿದ್ದು ತಪ್ಪು, ಅದನ್ನು ನಂಬಿ ಗೊಬ್ಬರ ಬೇಡವೆಂದದ್ದು ಇನ್ನೂ ದೊಡ್ಡ ತಪ್ಪು. ಮೋಡದ ಆಚೆಯೂ ನೋಡಬಲ್ಲ ಸೆಂಟಿನೆಲ್-1 ಉಪಗ್ರಹದ ರೇಡಾರ್ ಮಾಹಿತಿ ಉಚಿತವಾಗಿಯೇ ಸಿಗುತ್ತದೆ. ನೀರು ನಿಂತ ಜಾಗ ಹುಡುಕಲು ಅದನ್ನಾದರೂ ನೋಡಬಹುದಿತ್ತು.

ಈ ತಂತ್ರಜ್ಞಾನದ ಮೇಲೆ ನನಗೆ ಭರವಸೆಯಿದೆ. ಗೊಬ್ಬರ ಎಲ್ಲಿ ಬೇಕೋ ಅಲ್ಲಿಗಷ್ಟೇ ಬೀಳುವಂತಾದರೆ ನಮ್ಮಂಥವರಿಗೆ ಎಷ್ಟೋ ಖರ್ಚು ಉಳಿಯುತ್ತದೆ. ಆದ್ದರಿಂದಲೇ ಸುಮ್ಮನಿರಲು ಮನಸ್ಸಾಗುತ್ತಿಲ್ಲ.

ಸರ್ವೆ ನಕ್ಷೆ ಇಟ್ಟುಕೊಂಡು, ಸೆಂಟಿಮೀಟರ್ ಮಟ್ಟದಲ್ಲಿ ಅಳೆಯುವ ಆರ್‌ಟಿಕೆ ಉಪಕರಣದಿಂದ ಗಡಿಯನ್ನು ಮತ್ತೆ ಗುರುತಿಸಿಕೊಡಿ. ಪ್ರತಿ ವರದಿಯಲ್ಲೂ ಚಿತ್ರ ತೆಗೆದ ದಿನವನ್ನೇ ನಮೂದಿಸಿ. ಈ ಹಂಗಾಮಿನ ಶುಲ್ಕವನ್ನು ಮರಳಿಸಿ, ತಗ್ಗಿನ ಭಾಗದ ಇಳುವರಿ ನಷ್ಟಕ್ಕೆ ಪರಿಹಾರ ಕೊಡಿ. ಸಂದೇಶದ ಪ್ರತಿ, ಹೊಲದ ಮತ್ತು ಗೋಕಟ್ಟೆಯ ಫೋಟೊ, ಪಹಣಿ ಲಗತ್ತಿಸಿದ್ದೇನೆ. 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ.

ಇಂತಿ,
ನಿಮ್ಮ ಚಂದಾದಾರ