ಹಿಟ್ಟಿಗೆ ಕೈ ಹಾಕು, ಕೂಸೆ

ಶಿರಸಿ
ಚೌತಿ ಕಳೆದ ವಾರ

ಪ್ರೀತಿಯ ಕೂಸೆ,

ಮಾವನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ. ಅಡಿಕೆಗೆ ಎರಡನೇ ಸಲದ ಮದ್ದು ಅಂತೂ ಹೊಡೆದಾಯಿತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗುವಷ್ಟರಲ್ಲಿ ತೋಟದ ಕೆಳಗಿನ ಸಾಲಿಗೆ ಕೊಳೆರೋಗ ಹತ್ತಿತ್ತು. ಹೋದದ್ದು ಹೋಯಿತು, ಬಿಡು.

ಮೊನ್ನೆ ನೀನು ಫೋನು ಮಾಡಿದಾಗ ನಾನು ತೋಟದಲ್ಲಿದ್ದೆ. ಅಲ್ಲಿ ಟವರ್ ಸಿಗುವುದು ಹುಲ್ಲುಬಣವೆಯ ಹತ್ತಿರ ಮಾತ್ರ ಅಂತ ನಿನಗೆ ಗೊತ್ತೇ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಸಮ್ಮೇಳನಕ್ಕೆ ಟಿಕೆಟ್ ಸಿಕ್ಕಿತು ಅಂತ ಕುಣಿಯುತ್ತಾ ಶುರುಮಾಡಿದೆ. ಕೊನೆಗೆ ದನಿ ಇಳಿಸಿ, "ಅಲ್ಲಿ ಎಲ್ಲರಿಗೂ ಜಾಸ್ತಿ ಗೊತ್ತಿರ್ತು ಮಾವಾ, ಆನು ಹೋಗಿ ಎಂತ ಮಾಡ್ಲಿ?" ಅಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆ ಪ್ರಶ್ನೆಗೆ ಉತ್ತರ ಬರೆದೇ ಹೇಳೋಣ ಅಂತ ಕೂತಿದ್ದೇನೆ.

ಚೌತಿಗೆ ಮೊದಲು ನಮ್ಮ ಮನೆಯಲ್ಲಿ ನಡೆಯುವ ಚಕ್ಕುಲಿ ಕಂಬಳ ನೆನಪಿದೆಯಲ್ವಾ? ಒರಳಿನಲ್ಲಿ ಒತ್ತುವ ಚಕ್ಕುಲಿ ಅಲ್ಲ, ಕೈಚಕ್ಕುಲಿ. ಅಕ್ಕಪಕ್ಕದ ನಾಲ್ಕು ಮನೆಯವರು ಜಗುಲಿಯಲ್ಲಿ ಸಾಲಾಗಿ ಕೂತು ಸುತ್ತುತ್ತಾರೆ. ನೀನು ಆರೋ ಏಳೋ ವರ್ಷದವಳಿದ್ದಾಗ ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ನಿನ್ನ ಅಜ್ಜ ಕರೆದು, ಮುಷ್ಟಿ ಹಿಟ್ಟು ಕೈಗೆ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡರು. ನೀನು ಸುತ್ತಿದ ಮೊದಲ ಚಕ್ಕುಲಿ ಎರೆಹುಳದ ಹಾಗಿತ್ತು. ಯಾರೂ ಅದನ್ನು ಬದಿಗಿಡಲಿಲ್ಲ. ಉಳಿದವುಗಳ ಜೊತೆಗೇ ಎಣ್ಣೆಗೆ ಹೋಯಿತು, ತಟ್ಟೆಗೂ ಬಂತು. ನಾನೇ ತಿಂದೆ. ಸ್ವಲ್ಪ ಗಟ್ಟಿಯಾಗಿತ್ತು, ಆ ಮಾತು ಬೇರೆ.

ನೀನು ಹೋಗುತ್ತಿರುವುದೂ ಅಂಥದ್ದೇ ಒಂದು ಜಗುಲಿಗೆ ಅಂತ ತಿಳಿದುಕೋ. ಕಂಬದ ಹಿಂದೆ ನಿಲ್ಲಬೇಡ. ಯಾಕೆ ಹೇಳುತ್ತೇನೆ ಅಂದರೆ, ಹಾಗೆ ನಿಂತು ಬಂದವನು ನಾನು.

ನಾನು ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕಿದ್ದ ಕಾಲ. ಆಗ ಅಲ್ಲಿ ಲಿನಕ್ಸ್ ಬೆಂಗಳೂರು ಅಂತ, ಲಿನಕ್ಸಿನಂಥ ಮುಕ್ತ ಸಾಫ್ಟ್‌ವೇರಿನವರ ಒಂದು ದೊಡ್ಡ ಸಮ್ಮೇಳನ ನಡೆಯುತ್ತಿತ್ತು. 2001ರಲ್ಲಿ ಶುರುವಾದದ್ದು. 2005ರಲ್ಲಿ ಅದಕ್ಕೆ ಫಾಸ್ ಡಾಟ್ ಇನ್ ಅಂತ ಹೊಸ ಹೆಸರು ಬಂತು, 2012ರದ್ದೇ ಕೊನೆಯದು. ಹೆಸರು ಬದಲಾದ ವರ್ಷವೇ ನಾನು ಮೊದಲ ಸಲ ಹೋದದ್ದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಒಂದು ಭಾಷಣವನ್ನೂ ಬಿಡಲಿಲ್ಲ. ನೋಟ್‌ಬುಕ್ಕಿನ ತುಂಬ ಬರೆದುಕೊಂಡೆ.

ಆಗ ನನ್ನನ್ನು ಕಾಡುತ್ತಿದ್ದದ್ದು ಒಂದೇ ತೊಂದರೆ. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಎರಡನೇ ದಿನ ಮಧ್ಯಾಹ್ನ ಚಹಾ ಹಿಡಿದು ನಿಂತಿದ್ದೇನೆ, ನನ್ನಿಂದ ಎರಡು ಮಾರು ದೂರದಲ್ಲಿ ಮೂವರು ಅದನ್ನೇ ಮಾತಾಡುತ್ತಿದ್ದಾರೆ! ಒಬ್ಬಾತ ಕಾಗದದ ಕಪ್ಪಿನ ಮೇಲೆ ಪೆನ್ನಿನಿಂದ 'ಸ್ತ್ರ' ಬರೆದು ತೋರಿಸುತ್ತಿದ್ದ. ನಾನು ಏನು ಮಾಡಿದೆ ಗೊತ್ತಾ? ಚಹಾ ಕುಡಿದೆ. ಕಪ್ಪು ಬುಟ್ಟಿಗೆ ಹಾಕಿದೆ. ಮುಂದಿನ ಭಾಷಣಕ್ಕೆ ತಡವಾಯಿತು ಅಂತ ಒಳಗೆ ಹೋದೆ. ಆ ಭಾಷಣ ಯಾವುದರ ಮೇಲಿತ್ತು ಅಂತ ಇವತ್ತು ನೆನಪಿಲ್ಲ. ಆ ಕಪ್ಪು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಮರುವರ್ಷ ಸ್ವಯಂಸೇವಕರು ಬೇಕು ಅಂತ ಕೇಳಿದಾಗ ಹೆಸರು ಕೊಟ್ಟೆ. ಬಾಗಿಲಲ್ಲಿ ಕೂತು ಬ್ಯಾಡ್ಜ್ ಹಂಚುವ ಕೆಲಸ. ನನ್ನಂಥ ಮುಜುಗರದ ಜನಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಬಂದವರೇ ನಿನ್ನನ್ನು ಮಾತಾಡಿಸುತ್ತಾರೆ. ಕೈಗೊಂದು ಕೆಲಸ ಇದ್ದರೆ ಬಾಯಿ ತಾನಾಗಿ ಬಿಡುತ್ತದೆ, ಮದುವೆಮನೆಯಲ್ಲಿ ಬಡಿಸಲು ನಿಂತವನ ಹಾಗೆ. ನಿನಗೆ ಈ ಸಲ ತಡವಾಗಿರಬಹುದು. ಆದರೂ ಒಂದು ಮೇಲ್ ಹಾಕಿ ಕೇಳು. ಕೊನೆ ಗಳಿಗೆಯಲ್ಲಿ ಕುರ್ಚಿ ಜೋಡಿಸುವವರು ಎಲ್ಲ ಕಡೆಗೂ ಬೇಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಎಲ್ಲರಿಗೂ ಜಾಸ್ತಿ ಗೊತ್ತಿರುತ್ತದೆ, ನಿಜ. ಪ್ರೋಗ್ರಾಮಿಂಗ್ ನಿನಗಿಂತ ಚೆನ್ನಾಗಿ ಬಲ್ಲವರು ನೂರು ಜನ ಇರುತ್ತಾರೆ. ಆದರೆ ಎರಡು ವರ್ಷದಿಂದ ರಜೆಗೆ ಬಂದಾಗಲೆಲ್ಲ ನಮ್ಮ ಸುತ್ತಿನ ಹಳ್ಳಗಳನ್ನು ಅಲೆದು, ಜನರೇ ಕೂಡಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ 27 ಕಾಲುಸಂಕ ಗುರುತು ಹಾಕಿದವಳು ನೀನೊಬ್ಬಳೇ ಅಲ್ವಾ? ಬೆಂಗಳೂರಲ್ಲಿ ಕೂತವರಿಗೆ ಉಪಗ್ರಹದ ಚಿತ್ರದಲ್ಲಿ ಮರದ ನೆತ್ತಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದರಡಿಯ ಹಳ್ಳ, ಹಳ್ಳದ ಮೇಲಿನ ಸಂಕ, ಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳು, ಇದು ನಡೆದವರಿಗೆ ಮಾತ್ರ ಗೊತ್ತು.

ನೀನೇ ಒಂದು ದಿನ ತಲೆ ಕೆರೆದುಕೊಳ್ಳುತ್ತಿದ್ದೆ. ಅಡಿಕೆ ಮರ ಸೀಳಿದ ದಬ್ಬೆಯ ಸಂಕವನ್ನು ಮಳೆಗಾಲಕ್ಕೆ ಮೊದಲು ಹಾಕುತ್ತಾರೆ. ಜೋರು ಮಳೆಗೆ ಒಮ್ಮೊಮ್ಮೆ ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಹಳ್ಳವೇ ಒಣಗಿರುತ್ತದೆ, ಸಂಕ ಯಾರಿಗೂ ಬೇಡ. ಹಾಗಿದ್ದರೆ ನಕ್ಷೆಯಲ್ಲಿ ಅದನ್ನು ಇದೆ ಅಂತ ಬರೆಯುವುದೋ, ಇಲ್ಲ ಅಂತ ಬರೆಯುವುದೋ? ಎಂಥ ಚಂದದ ಪ್ರಶ್ನೆ ಕೂಸೆ ಅದು! ಅದನ್ನೇ ಕೈಯಲ್ಲಿ ಹಿಡಿದು ಹೋಗು. ನಕ್ಷೆ, ಡೇಟಾ ಅಂತ ಬ್ಯಾಡ್ಜ್ ಮೇಲೆ ಇರುವವರು ಸಿಕ್ಕರೆ ನಿನ್ನ ಹೆಸರು, ಕಾಲೇಜು ಹೇಳುವ ಮೊದಲೇ ಈ ಸಂಕದ ಕತೆ ಹೇಳು. ಫೋನಿನಲ್ಲಿ ಎರಡು ಫೋಟೋ ಇಟ್ಟುಕೊಂಡಿರು.

ಭಾಷಣಗಳ ವಿಷಯ. ಇಂಥ ಕಡೆ ಹೆಚ್ಚಿನವು ರೆಕಾರ್ಡ್ ಆಗಿ ಆಮೇಲೆ ಯೂಟ್ಯೂಬಿಗೆ ಬರುತ್ತವೆ. ಕಾರವಾರದ ಹಾಸ್ಟೆಲಿನಲ್ಲಿ ಮಲಗಿಕೊಂಡೂ ನೋಡಬಹುದು. ಪಡಸಾಲೆಯ ಮಾತು ಮಾತ್ರ ಯಾರೂ ರೆಕಾರ್ಡ್ ಮಾಡುವುದಿಲ್ಲ. ಯಕ್ಷಗಾನದಲ್ಲಿ ವೇಷ ಕಟ್ಟುವ ಚೌಕಿಮನೆಗೆ ಹೋದವನಿಗೆ ಬೇರೆಯೇ ಆಟ ಕಾಣುತ್ತದಲ್ಲ, ಹಾಗೆ. ದಿನಕ್ಕೆ ಮೂರು ಭಾಷಣ ಆರಿಸಿಕೋ, ಸಾಕು. ಉಳಿದ ಹೊತ್ತು ಹೊರಗಿರು.

ಬೇಡವಾದ ಭಾಷಣದಿಂದ ಎದ್ದು ಬರುವುದು ನಮ್ಮ ಕಡೆಯವರಿಗೆ ಕಷ್ಟ. ಹರಿಕತೆಯ ನಡುವೆ ಎದ್ದರೆ ಬೈಸಿಕೊಂಡು ಬೆಳೆದವರು ನಾವು. ಬೆಂಗಳೂರಿನಲ್ಲಿ 2006ರಲ್ಲಿ ಬಾರ್‌ಕ್ಯಾಂಪ್ ಅಂತ ಒಂದು ಕೂಟ ಶುರುವಾಗಿತ್ತು. ಅಲ್ಲಿ ಮೊದಲೇ ನಿಗದಿಯಾದ ಭಾಷಣಗಳೇ ಇರುವುದಿಲ್ಲ. ಬೆಳಿಗ್ಗೆ ಬಂದವರು ಹೇಳಬೇಕಾದ ವಿಷಯವನ್ನು ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸುತ್ತಾರೆ, ಬೇಕಾದವರು ಬೇಕಾದ ಕೋಣೆಗೆ ಹೋಗುತ್ತಾರೆ. ಇಂಥ ಕೂಟಗಳಲ್ಲಿ ಎರಡು ಕಾಲಿನ ನಿಯಮ ಅಂತ ಒಂದಿದೆ. ಕೂತಲ್ಲಿ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನಿಸಿದರೆ ಎದ್ದು ಬೇರೆ ಕಡೆ ಹೋಗು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನಗೆ ಅದು ರೂಢಿಯಾಗಲು ಮೂರು ವರ್ಷ ಬೇಕಾಯಿತು. ಬಾಗಿಲ ಹತ್ತಿರದ ಕುರ್ಚಿ ಹಿಡಿದುಕೋ, ಸಲೀಸು.

ಹೊರಗೆ ಜನ ಗುಂಪುಗುಂಪಾಗಿ ನಿಂತಿರುತ್ತಾರೆ. ಹೇಗೆ ನುಗ್ಗುವುದು ಅಂತ ನಿನಗೆ ಚಿಂತೆ ಇದ್ದೇ ಇದೆ. ಪ್ಯಾಕ್‌ಮ್ಯಾನ್ ಅನ್ನುವ ಹಳೆಯ ವಿಡಿಯೋ ಗೇಮ್ ನೋಡಿದ್ದೀಯಾ? ದುಂಡು ಮುಖ, ತೆರೆದ ಬಾಯಿ. ನಿಂತವರು ಹಾಗೆ ಒಬ್ಬರಿಗೆ ಜಾಗ ಬಿಟ್ಟು ನಿಲ್ಲಬೇಕು ಅನ್ನುವ ಒಂದು ಪದ್ಧತಿ ಈಗ ಸಮ್ಮೇಳನಗಳಲ್ಲಿ ಬೆಳೆದಿದೆ, ಪ್ಯಾಕ್‌ಮ್ಯಾನ್ ನಿಯಮ ಅಂತಲೇ ಹೆಸರು. ಜಾಗ ಕಂಡಲ್ಲಿ ಹೋಗಿ ನಿಲ್ಲು. ಸುಮ್ನೆ ಎರಡು ನಿಮಿಷ ಕೇಳು. ಆಮೇಲೆ ನೀನು ಸರಿದು ಇನ್ನೊಬ್ಬರಿಗೆ ಜಾಗ ಮಾಡಿಕೊಡು. ಗೋಡೆಗೆ ಒರಗಿ ಫೋನು ಒತ್ತುತ್ತಿರುವ ಯಾವುದಾದರೂ ಮಗು ಕಂಡರೆ ಅದು 2005ರ ನಾನು ಅಂತ ತಿಳಿದು ಕರೆದುಕೋ.

ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳಲು ಮೈಕು ಕೊಡುತ್ತಾರೆ. ಅಲ್ಲಿ ಒಬ್ಬರಾದರೂ ಎದ್ದು, "ಇದು ಪ್ರಶ್ನೆ ಅಲ್ಲ, ಒಂದು ಅಭಿಪ್ರಾಯ" ಅಂತ ಐದು ನಿಮಿಷ ತಮ್ಮ ಕತೆ ಹೇಳುತ್ತಾರೆ. ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿಗೆ ಬಾಯಿ ತೆಗೆಯಲು ಬಿಡದವರ ಜಾತಿ ಅದು. ನೀನು ಹಾಗೆ ಮಾಡಬೇಡ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಚೀಟಿಯಲ್ಲಿ ಬರೆದುಕೊಂಡು ಓದು. ಇನ್ನು ಲೈಟ್ನಿಂಗ್ ಟಾಕ್ ಅಂತ ಇದ್ದರೆ ಬಿಡಲೇಬೇಡ. ಸಾಮಾನ್ಯವಾಗಿ ಐದೇ ನಿಮಿಷ ಕೊಡುತ್ತಾರೆ. ಹೆಸರು ಅವತ್ತೇ ಅಲ್ಲೇ ಬರೆಸಿಕೊಳ್ಳುವುದು ರೂಢಿ. ನಾಲ್ಕು ಫೋಟೋ, ಒಂದು ನಕ್ಷೆ, ಕೊನೆಗೆ ನಿನ್ನ ಆ ಪ್ರಶ್ನೆ, ಅಷ್ಟೇ ಸಾಕು. ಗಂಟಲು ಒಣಗುತ್ತದೆ, ಕೈ ನಡುಗುತ್ತದೆ. ಐದು ನಿಮಿಷ ಮುಗಿದ ಮೇಲೆ ಹುಡುಕಿಕೊಂಡು ಬರುವ ಇಬ್ಬರಿಗೋಸ್ಕರ ಅದನ್ನು ಸಹಿಸಿಕೋ.

ಇಂಗ್ಲಿಷ್ ತಡವರಿಸುತ್ತದೆ ಅಂತ ಬಾಯಿ ಮುಚ್ಚಬೇಡ. ಸಂಕಕ್ಕೆ ಸಂಕ ಅಂತಲೇ ಹೇಳು, ಅವರೇ ಏನು ಅಂತ ಕೇಳಲಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅದಕ್ಕೆ ಬರೆಯುವವರು ಇಂಥ ಕಡೆ ಸಿಕ್ಕಾರು. ಕನ್ನಡದಲ್ಲೇ ಮಾತಾಡಿಸು, ಅವರಿಗೂ ಖುಷಿ.

ಸಣ್ಣಪುಟ್ಟವು ಕೆಲವು ಇವೆ. ಕಂಪನಿಗಳ ಸ್ಟಾಲಿನಲ್ಲಿ ಸ್ಟಿಕ್ಕರ್ ಆಸೆಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನ್ ನಂಬರ್ ಕೊಟ್ಟರೆ ಆಮೇಲೆ ವರ್ಷಗಟ್ಟಲೆ ಕರೆ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡ. ಹೆಚ್ಚಿನ ಸಮ್ಮೇಳನಗಳಿಗೆ ನಡವಳಿಕೆ ನಿಯಮ ಅಂತ ಇರುತ್ತದೆ, ಯಾರಿಗೆ ದೂರು ಕೊಡಬೇಕು ಅಂತ ಫೋನ್ ನಂಬರೂ ಅದರಲ್ಲೇ ಇರುತ್ತದೆ. ಹೋಗುವ ಮೊದಲೇ ಅದನ್ನು ಓದಿ ನಂಬರ್ ಉಳಿಸಿಕೋ. ಯಾರ ಮಾತಾದರೂ ಮೈ ಮೇಲೆ ಬಂದ ಹಾಗೆ ಅನಿಸಿದರೆ, ದೊಡ್ಡ ಮನುಷ್ಯರು ಏನು ತಿಳಿದುಕೊಳ್ಳುತ್ತಾರೋ ಅಂತ ನೋಡದೆ ಹೇಳು. ಇದನ್ನು ಬರೆಯಲು ನಿನ್ನ ಆಯಿ ಹೇಳಿದ್ದಲ್ಲ, ನಾನೇ ಬರೆಯುತ್ತಿರುವುದು. ದುಡ್ಡಿನ ವಿಷಯಕ್ಕೆ ಮುಂದಿನ ಸಲ ಪ್ರಯಾಣ ಸಹಾಯಧನ ಇದೆಯಾ ಅಂತ ಮೊದಲೇ ಕೇಳು. ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಕೊಡುತ್ತಾರೆ. ಕೇಳುವುದರಲ್ಲಿ ಸಣ್ಣತನ ಏನೂ ಇಲ್ಲ.

ಬಂದ ಮೇಲಿನ ಒಂದು ವಾರ ಮುಖ್ಯ. ನಾನು ಏಳೆಂಟು ವರ್ಷ ತಪ್ಪದೆ ಹೋದೆ. ಕೊನೆಕೊನೆಗೆ ಅದೊಂದು ಚಟವೇ ಆಗಿತ್ತು. ಹೋಗುವುದು, ಹಳೆಯ ಮುಖಗಳಿಗೆ ಕೈ ಬೀಸುವುದು, ಟೀ ಶರ್ಟ್ ತರುವುದು. ಮನೆಗೆ ಬಂದು ಮಾಡಿದ್ದು ಏನೂ ಇಲ್ಲ. ಆ ಟೀ ಶರ್ಟುಗಳನ್ನು ಈಗ ಮದ್ದು ಹೊಡೆಯುವ ದಿನ ಹಾಕಿಕೊಳ್ಳುತ್ತೇನೆ, ಎಲ್ಲವೂ ಮೈಲುತುತ್ತಿನ ನೀಲಿ. ನೀನು ಇಪ್ಪತ್ತು ಜನರ ನಂಬರ್ ತರಬೇಡ. ಇಬ್ಬರಿಗೆ ಪತ್ರ ಬರೆ. "ನೀವು ಹೇಳಿದ್ದನ್ನು ಮಾಡಿ ನೋಡಿದೆ, ಹೀಗಾಯಿತು" ಅಂತ ಎರಡು ಸಾಲು. ಅವರು ಹೇಳಿದ್ದನ್ನು ನಿಜಕ್ಕೂ ಮಾಡಿ ನೋಡಿದವರು ಎಷ್ಟು ಕಡಿಮೆ ಅಂದರೆ, ನಿನ್ನನ್ನು ಅವರು ಮರೆಯುವುದಿಲ್ಲ. ಇದು ಮುಯ್ಯಾಳಿನ ಲೆಕ್ಕ. ಅವರ ತೋಟದಲ್ಲಿ ಒಂದು ದಿನ ಮೈ ಮುರಿದರೆ ನಿನ್ನ ತೋಟಕ್ಕೆ ಅವರು ಬರುತ್ತಾರೆ.

ಇನ್ನೊಂದು ಆಸೆ ಹೇಳಿಬಿಡುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. 2006ರ ಮೇ ತಿಂಗಳಲ್ಲಿ ಅಲ್ಲಿನ ಸುಮಾರು 40 ಜನ ಐಲ್ ಆಫ್ ವೈಟ್ ಅನ್ನುವ ದ್ವೀಪಕ್ಕೆ ಹೋಗಿ, ವಾರದ ಕೊನೆಯ ಎರಡು ಮೂರು ದಿನ ಜಿಪಿಎಸ್ ಹಿಡಿದು ರಸ್ತೆರಸ್ತೆ ಅಲೆದು ನಕ್ಷೆ ಮಾಡಿದರು. ಅದೇ ಕಂಬಳ ಅಲ್ಲದೆ ಮತ್ತೇನು? ಅವರ ಜಾಗತಿಕ ಸಮ್ಮೇಳನ ಶುರುವಾದದ್ದು ಅದರ ಮರುವರ್ಷ, ಮ್ಯಾಂಚೆಸ್ಟರಿನಲ್ಲಿ. 2018ರಲ್ಲಿ ಏಷ್ಯಾದ ಸಮ್ಮೇಳನ ಬೆಂಗಳೂರಿಗೂ ಬಂದಿತ್ತು. ಬೆಂಗಳೂರಿನಲ್ಲಿ ಸಿಕ್ಕವರಲ್ಲಿ ನಾಲ್ಕು ಜನರನ್ನು ಮುಂದಿನ ಮೇ ಕೊನೆಗೆ ಇಲ್ಲಿಗೆ ಕರೆ. ಸಂಕ ಹಾಕುವ ಹೊತ್ತು ಅದು. ನಿನ್ನ ಕಾಲೇಜಿನ ಹತ್ತು ಮಕ್ಕಳನ್ನೂ ಕೂಡಿಸಿಕೋ. ಊಟ, ವಸತಿ ನಮ್ಮ ಮನೆಯಲ್ಲಿ. ಜಗುಲಿಯಲ್ಲಿ ಹದಿನೈದು ಹಾಸಿಗೆ ಹಿಡಿಯುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಆಗ ಹೊಸದು. ರಕ್ತ ಹೀರುವ ಉಂಬಳದ ವಿಷಯ ಮಾತ್ರ ಅವರಿಗೆ ಮೊದಲೇ ಹೇಳಬೇಡ, ಬರುವುದಿಲ್ಲ.

ಪಂಚಗಂಗಾ ರೈಲಿಗೆ ಟಿಕೆಟ್ ಮಾಡಿಸಿದ್ದೀಯಲ್ಲ? ಸಮ್ಮೇಳನದ ಹಿಂದಿನ ದಿನವೇ ಬೆಂಗಳೂರು ತಲುಪುವ ಹಾಗೆ ನೋಡಿಕೋ. ಮಳೆ ಇನ್ನೂ ಬಿಟ್ಟಿಲ್ಲ, ಸಕಲೇಶಪುರದ ಘಟ್ಟದಲ್ಲಿ ರೈಲು ನಿಂತರೆ ನಿಂತಿತು. ಚಪ್ಪಲಿ ಹಳೆಯದೇ ಹಾಕಿಕೊಂಡು ಹೋಗು, ದಿನವಿಡೀ ನಿಂತಿರಬೇಕು.

ನಿನ್ನ ಅತ್ತೆ ಒಂದು ಡಬ್ಬ ಚಕ್ಕುಲಿ ಕೊಟ್ಟಿದ್ದಾಳೆ, ಕುಮಟಾಕ್ಕೆ ಹೋಗುವ ಪಕ್ಕದ ಮನೆಯವರ ಕೈಲಿ ಕಳಿಸುತ್ತಿದ್ದೇನೆ. ಈ ವರ್ಷದ ಕಂಬಳದ್ದು. ಮೇಲಿನ ಪದರದ್ದು ಒಳ್ಳೆಯವರು ಸುತ್ತಿದ್ದು, ಅದನ್ನು ಸಮ್ಮೇಳನಕ್ಕೆ ಒಯ್ದು ಸಿಕ್ಕವರಿಗೆ ಕೊಡು. ತಳದಲ್ಲಿ ಇರುವುದು ನನ್ನದು, ನೀನೇ ತಿನ್ನು. ಡಬ್ಬ ಸ್ಟೀಲಿನದು, ವಾಪಸ್ ಬರಲೇಬೇಕಂತೆ. ಎರಡು ಸಲ ಹೇಳಿದ್ದಾಳೆ.

ನಿನ್ನ
ಮಾವ